ರಾಹುಕಾಲಕ್ಕೆ ಯಾವ ಊರಿನ ಗಡಿಯಾರ?

(ಬೆಂಗಳೂರಿನ ಓದುಗರ ಬಳಗವೊಂದರಲ್ಲಿ ನಮ್ಮ ವರದಿಗಾರರು ಮಾಡಿದ ಭಾಷಣದ ಬರಹರೂಪ)



ಕರೆಪತ್ರದಲ್ಲಿ ಈ ಕಾರ್ಯಕ್ರಮದ ಸಮಯ ಬೆಳಿಗ್ಗೆ 10.35 ಎಂದಿದೆ. ಹತ್ತು ಗಂಟೆಯೂ ಅಲ್ಲ, ಹತ್ತೂವರೆಯೂ ಅಲ್ಲ. ಮೇಲಿನ ಐದು ನಿಮಿಷ ಎಲ್ಲಿಂದ ಬಂತೆಂದು ನಾನು ಯಾರನ್ನೂ ಕೇಳಲಿಲ್ಲ. ಇಂದು ಶನಿವಾರ. ಶನಿವಾರ 9ರಿಂದ 10.30ರವರೆಗೆ ರಾಹುಕಾಲ. ಕೆಟ್ಟ ದಿನ, ಕೆಟ್ಟ ಸಂಖ್ಯೆಗಳ ನಂಬಿಕೆ ಕುರಿತ ಭಾಷಣವೇ ಆದರೂ ರಾಹುಕಾಲ ಕಳೆದ ಮೇಲೆ ಆರಂಭವಾಗಲಿ ಎಂದು ಸಂಘಟಕರಲ್ಲಿ ಯಾರಿಗೋ ಅನ್ನಿಸಿರಬೇಕು. ದೂರಲು ಹೇಳುತ್ತಿಲ್ಲ. ನಂಬಿಕೆ ಇಲ್ಲದವರು ಕೂಡ ‘ಸುಮ್ಮನೆ ಯಾಕೆ’ ಎಂದು ಐದು ನಿಮಿಷ ಕಾಯುವ ನಾಡು ನಮ್ಮದು. ಆ ‘ಸುಮ್ಮನೆ ಯಾಕೆ’ ಎಂಬ ಮಾತೇ ನನ್ನ ಇಂದಿನ ವಿಷಯ.

ಮೊದಲು ರಾಹುಕಾಲದ ಲೆಕ್ಕವನ್ನೇ ನೋಡೋಣ. ಸೂರ್ಯೋದಯದಿಂದ ಸೂರ್ಯಾಸ್ತದವರೆಗಿನ ಹಗಲನ್ನು ಎಂಟು ಸಮಪಾಲು ಮಾಡಿ ಅದರಲ್ಲೊಂದನ್ನು ರಾಹುವಿಗೆ ಬಿಡುವುದು ಕ್ರಮ. ಸೋಮವಾರ ಎರಡನೆಯ ಪಾಲು, ಶನಿವಾರ ಮೂರನೆಯದು, ಶುಕ್ರವಾರ ನಾಲ್ಕು, ಬುಧವಾರ ಐದು, ಗುರುವಾರ ಆರು, ಮಂಗಳವಾರ ಏಳು, ಭಾನುವಾರ ಎಂಟು. ಮೊದಲ ಪಾಲು ಯಾವ ದಿನವೂ ರಾಹುವಿನದಲ್ಲ. ಬೆಳಿಗ್ಗೆ 6ಕ್ಕೆ ಸೂರ್ಯ ಹುಟ್ಟಿ ಸಂಜೆ 6ಕ್ಕೆ ಮುಳುಗುತ್ತಾನೆ ಎಂದಿಟ್ಟುಕೊಂಡರೆ ಒಂದೊಂದು ಪಾಲು ಒಂದೂವರೆ ಗಂಟೆ. ಗೋಡೆಯ ಕ್ಯಾಲೆಂಡರಿನಲ್ಲಿ ಅಚ್ಚಾಗಿರುವುದು ಈ ಲೆಕ್ಕ.

ಆದರೆ ಸೂರ್ಯ ಕ್ಯಾಲೆಂಡರಿನ ಮಾತು ಕೇಳುವುದಿಲ್ಲ. ಬೆಂಗಳೂರಿನಲ್ಲಿ ಜೂನ್ ಕೊನೆಯ ಹಗಲು ಸುಮಾರು 12 ಗಂಟೆ 50 ನಿಮಿಷ. ಡಿಸೆಂಬರ್ ಕೊನೆಯದು ಸುಮಾರು 11 ಗಂಟೆ 20 ನಿಮಿಷ. ಅಂದರೆ ರಾಹುವಿನ ಪಾಲು ಬೇಸಿಗೆಯಲ್ಲಿ 96 ನಿಮಿಷಕ್ಕೆ ಹಿಗ್ಗಿ ಚಳಿಗಾಲದಲ್ಲಿ 85ಕ್ಕೆ ಕುಗ್ಗುತ್ತದೆ. ಇದು ಸಣ್ಣ ವ್ಯತ್ಯಾಸ. ದೊಡ್ಡದು ಬೇರೆ ಇದೆ. 1906ರ ಜನವರಿ 1ರಿಂದ ನಾವು ಬಳಸುತ್ತಿರುವ ಭಾರತೀಯ ಕಾಲಮಾನ 82½ ಡಿಗ್ರಿ ಪೂರ್ವ ರೇಖಾಂಶದ್ದು. ಬೆಂಗಳೂರು ಅದಕ್ಕಿಂತ ಪಶ್ಚಿಮಕ್ಕಿದೆ, ಮಂಗಳೂರು ಇನ್ನೂ ಪಶ್ಚಿಮಕ್ಕೆ. ಒಂದು ಡಿಗ್ರಿಗೆ ನಾಲ್ಕು ನಿಮಿಷದಂತೆ ಲೆಕ್ಕ ಹಾಕಿದರೆ ಸೂರ್ಯ ನೆತ್ತಿಗೆ ಬರುವುದು ವರ್ಷದ ಸರಾಸರಿಯಲ್ಲಿ ಬೆಂಗಳೂರಿನಲ್ಲಿ 12.20ರ ಸುಮಾರಿಗೆ, ಮಂಗಳೂರಿನಲ್ಲಿ 12.30ರ ಸುಮಾರಿಗೆ. ಹಗಲಿನ ಐದನೆಯ ಪಾಲು ಶುರುವಾಗುವುದು ನಡುಹಗಲಿಗೆ. ಹಾಗಾಗಿ ಬುಧವಾರದ ರಾಹುಕಾಲ ಮಂಗಳೂರಿನಲ್ಲಿ 12ರಿಂದ 1.30 ಅಲ್ಲ, ಹೆಚ್ಚುಕಡಿಮೆ 12.30ರಿಂದ 2 ಗಂಟೆ. ಕ್ಯಾಲೆಂಡರ್ ನೋಡಿ 1.30 ಕಳೆಯಲೆಂದು ಕಾದು, 1.35ಕ್ಕೆ ಬಲಗಾಲಿಟ್ಟು ಹೊರಟ ಸಜ್ಜನರು ಶಾಸ್ತ್ರದ ಪ್ರಕಾರ ರಾಹುವಿನ ಬಾಯಿಗೇ ಹೊರಟಂತಾಯಿತು.

ಇದೇ ಲೆಕ್ಕದಲ್ಲಿ ನಮ್ಮ ಇಂದಿನ ಸಭೆಯೂ 10.35ಕ್ಕೆ ಶುರುವಾದದ್ದು ರಾಹುಕಾಲದಲ್ಲಿಯೇ. ಬೆಂಗಳೂರಿನ ಸೂರ್ಯನ ಪ್ರಕಾರ ಶನಿವಾರದ ಮೂರನೆಯ ಪಾಲು ಮುಗಿಯಬೇಕಾದರೆ ಸರಾಸರಿ 10.50 ಆಗಬೇಕು. ಪಂಚಾಂಗ ಬರೆಯುವವರಿಗೆ ಇದು ಗೊತ್ತಿಲ್ಲದ್ದೇನಲ್ಲ. ಊರೂರಿನ ಸೂರ್ಯೋದಯ ಹಿಡಿದು ಗುಣಿಸಬೇಕೆಂದು ಬಲ್ಲವರು ಹೇಳುತ್ತಲೇ ಇದ್ದಾರೆ. ಆದರೆ ಕೆಟ್ಟ ಕಾಲಕ್ಕೆ ಹೆದರುವವರಲ್ಲಿ ಎಷ್ಟು ಜನ ಗುಣಿಸುತ್ತಾರೆ? ನಾವು ಅನುಸರಿಸುತ್ತಿರುವುದು ಶಾಸ್ತ್ರವನ್ನಲ್ಲ, ಕ್ಯಾಲೆಂಡರ್ ಅಚ್ಚು ಹಾಕಿಸಿದವರನ್ನು. ಅದೂ ದಕ್ಷಿಣದಲ್ಲಿ ಇರುವಷ್ಟು ಜೋರಾಗಿ ರಾಹುಕಾಲ ಉತ್ತರ ಭಾರತದಲ್ಲಿಲ್ಲ. ಗುಜರಾತಿನ ವ್ಯಾಪಾರಿ ನೋಡುವುದು ಚೌಘಡಿಯಾ. ಅದರಲ್ಲಿ ಪಾಲುಗಳ ಹೆಸರು, ಒಳಿತು-ಕೆಡುಕಿನ ಹಂಚಿಕೆ ಬೇರೆ. ಒಂದೇ ರೈಲಿನಲ್ಲಿ ಎದುರುಬದುರು ಕೂತ ಇಬ್ಬರಲ್ಲಿ ಒಬ್ಬರಿಗೆ ಕೆಟ್ಟ ಗಳಿಗೆ, ಇನ್ನೊಬ್ಬರಿಗೆ ಒಳ್ಳೆಯದು; ರೈಲು ಇಬ್ಬರನ್ನೂ ಒಂದೇ ಹೊತ್ತಿಗೆ ತಲುಪಿಸುತ್ತದೆ.

ಇನ್ನು ಆ ರಾಹು ಯಾರು? ಗ್ರಹಣದಲ್ಲಿ ಸೂರ್ಯನನ್ನು ನುಂಗುವವನು ರಾಹುವಲ್ಲ, ಸೂರ್ಯನನ್ನು ಮುಚ್ಚುವುದು ಚಂದ್ರ, ಚಂದ್ರನನ್ನು ಮುಚ್ಚುವುದು ಭೂಮಿಯ ನೆರಳು ಎಂದು ಆರ್ಯಭಟ ಹೇಳಿ ಹದಿನೈದು ಶತಮಾನಗಳಾದವು. ಅವನ ಗ್ರಂಥದ ಕಾಲ ಕ್ರಿ.ಶ. 499. ಖಗೋಳದ ಲೆಕ್ಕದಲ್ಲಿ ರಾಹು ಎಂದರೆ ಚಂದ್ರನ ದಾರಿ ಸೂರ್ಯನ ದಾರಿಯನ್ನು ಕತ್ತರಿಸುವ ಒಂದು ಬಿಂದು. ಅಲ್ಲಿ ಕಲ್ಲೂ ಇಲ್ಲ, ಮಣ್ಣೂ ಇಲ್ಲ.

ದಿನದಿಂದ ತಿಂಗಳಿಗೆ ಬರೋಣ. ಆಷಾಢ ಬಂದರೆ ಮದುವೆ ಇಲ್ಲ, ಗೃಹಪ್ರವೇಶ ಇಲ್ಲ, ಹೊಸ ಸೊಸೆ ತವರಿಗೆ. ಅತ್ತೆ ಸೊಸೆ ಒಂದೇ ಹೊಸಿಲು ದಾಟಬಾರದು ಎನ್ನುತ್ತಾರೆ. ಇದಕ್ಕೆ ತಿಳಿದವರು ಎರಡು ಕಾರಣ ಕೊಡುವುದುಂಟು. ಆಷಾಢದಲ್ಲಿ ಬಸಿರಾದರೆ ಹೆರಿಗೆ ಬಿರುಬೇಸಿಗೆಗೆ ಬೀಳುತ್ತದೆ ಎಂಬುದು ಒಂದು. ಮುಂಗಾರಿನ ಕೆಲಸದ ನಡುವೆ ಮದುವೆಗೆ ಯಾರಿಗೂ ಪುರುಸೊತ್ತಿಲ್ಲ, ಕೈಯಲ್ಲಿ ಕಾಸೂ ಇಲ್ಲ ಎಂಬುದು ಇನ್ನೊಂದು. ನನಗೆ ಎರಡನೆಯದು ಹೆಚ್ಚು ಸರಿಯೆನಿಸುತ್ತದೆ. ಅದೇನೇ ಇರಲಿ, ಇದೇ ಆಷಾಢದ ಶುಕ್ರವಾರಗಳಂದು ಮೈಸೂರಿನ ಚಾಮುಂಡಿ ಬೆಟ್ಟದಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಚಾಮುಂಡೇಶ್ವರಿಯ ವರ್ಧಂತಿಯೂ ಆಷಾಢದಲ್ಲೇ. ಪುರಿಯ ಜಗನ್ನಾಥನ ರಥ ಹೊರಡುವುದು ಆಷಾಢದಲ್ಲಿ. ಉತ್ತರ ಕರ್ನಾಟಕದ ವಾರಕರಿಗಳು ತಾಳ ಹಿಡಿದು ಪಂಢರಪುರ ಸೇರುವುದು ಆಷಾಢ ಏಕಾದಶಿಗೆ. ದೇವರಿಗೆ ಆಗುವ ತಿಂಗಳು ಮನುಷ್ಯರಿಗೆ ಏಕೆ ಆಗದು?

ಇಲ್ಲೊಂದು ಸ್ವಾರಸ್ಯದ ಸಂಗತಿ ಇದೆ. ಮಧ್ಯಪ್ರದೇಶದ ಸಾಗರ ಜಿಲ್ಲೆಯ ಏರಣ್ ಎಂಬಲ್ಲಿ ಗುಪ್ತ ದೊರೆ ಬುಧಗುಪ್ತನ ಕಾಲದ ಒಂದು ಕಂಬವಿದೆ. ಭಾರತದಲ್ಲಿ ವಾರದ ಹೆಸರು ಕಾಣಸಿಗುವ ಅತಿ ಹಳೆಯ ಶಾಸನಗಳಲ್ಲಿ ಅದರ ಮೇಲಿನ ಬರಹವೂ ಒಂದು. ಕಾಲ ಕ್ರಿ.ಶ. 484. ಇಬ್ಬರು ಅಣ್ಣತಮ್ಮಂದಿರು ವಿಷ್ಣುವಿಗೆ ಧ್ವಜಸ್ತಂಭ ನಿಲ್ಲಿಸಿದ ದಿನವನ್ನು ಅದು ಹೇಳುತ್ತದೆ: ಆಷಾಢ ಶುಕ್ಲ ದ್ವಾದಶಿ, ಗುರುವಾರ. ಇಂದು ನಾಲ್ಕು ಅಡಿಯ ಕಾಂಪೌಂಡ್ ಗೋಡೆಗೂ ಆಷಾಢ ಬೇಡವೆನ್ನುತ್ತೇವೆ. ಅವರು ಆ ತಿಂಗಳಲ್ಲಿ ಎತ್ತಿದ ಕಂಬ ಒಂದೂವರೆ ಸಾವಿರ ವರ್ಷದಿಂದ ನೆಟ್ಟಗೆ ನಿಂತಿದೆ.

ನಮ್ಮ ಬಟ್ಟೆ ಅಂಗಡಿಯವರಂತೂ ಆಷಾಢದೊಂದಿಗೆ ಎಂದೋ ರಾಜಿ ಮಾಡಿಕೊಂಡರು. ‘ಆಷಾಢದ ಭರ್ಜರಿ ರಿಯಾಯಿತಿ’ ಎಂದು ಬೋರ್ಡ್ ಹಾಕಿದ ಮೇಲೆ ಕೆಟ್ಟ ತಿಂಗಳಿನಲ್ಲಿ ಸೀರೆ ಕೊಳ್ಳಲು ಯಾರೂ ಹೆದರುತ್ತಿಲ್ಲ.

ಅಮಾವಾಸ್ಯೆಯ ಕತೆಯೂ ಹೀಗೆಯೇ. ಪ್ರಯಾಣ ಬೇಡ, ಹೊಸ ಕೆಲಸ ಬೇಡ. ಆದರೆ ದೀಪಾವಳಿಯ ಲಕ್ಷ್ಮೀಪೂಜೆ ಅಮಾವಾಸ್ಯೆಯಂದೇ; ಅಂಗಡಿಯವರು ಹೊಸ ಲೆಕ್ಕದ ಪುಸ್ತಕಕ್ಕೆ ಕುಂಕುಮ ಹಚ್ಚುವುದೂ ಅಂದೇ. ಗಂಡನ ಆಯುಷ್ಯಕ್ಕಾಗಿ ಹೆಂಗಸರು ಮಾಡುವ ಭೀಮನ ಅಮಾವಾಸ್ಯೆ ಬರುವುದು ಆಷಾಢದಲ್ಲಿ. ಕೆಟ್ಟ ತಿಂಗಳು, ಕೆಟ್ಟ ತಿಥಿ ಎರಡೂ ಕೂಡಿದ ದಿನ! ಬಯಲುಸೀಮೆಯ ರೈತ ಎಳ್ಳಮಾವಾಸ್ಯೆಗೆ ಹೊಲಕ್ಕೆ ಹೋಗಿ ಚರಗ ಚೆಲ್ಲಿ, ಮನೆಮಂದಿಯೊಂದಿಗೆ ರೊಟ್ಟಿ, ಕಡುಬು ತಿಂದು ಬರುತ್ತಾನೆ.

ಈ ನಿಷೇಧಗಳೆಲ್ಲ ಬರೀ ಹೆದರಿಕೆಯಿಂದ ಹುಟ್ಟಿದವೆಂದು ನಾನು ಹೇಳುವುದಿಲ್ಲ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಸೋಮವಾರ ಎತ್ತು ಹೂಡುವುದಿಲ್ಲ. ಅದು ಬಸವಣ್ಣನ ವಾರ, ಹೂಡಿದರೆ ಕೇಡು ಎನ್ನುತ್ತಾರೆ. ಅಮಾವಾಸ್ಯೆಗೂ ನೇಗಿಲು ಕಟ್ಟುವುದಿಲ್ಲ. ಲೆಕ್ಕ ಹಾಕಿ ನೋಡಿ. ಬಾಯಿಲ್ಲದ ಪ್ರಾಣಿಗೆ ವಾರಕ್ಕೊಂದು ರಜೆ, ಅದರೊಂದಿಗೆ ಜೀತದಾಳಿಗೂ ಅರ್ಧ ರಜೆ. ಮುಂಬಯಿಯ ಗಿರಣಿ ಕಾರ್ಮಿಕರಿಗೆ ಭಾನುವಾರದ ರಜೆ ಸಿಕ್ಕಿದ್ದು ನಾರಾಯಣ ಮೇಘಾಜಿ ಲೋಖಂಡೆಯವರು ವರ್ಷಗಟ್ಟಲೆ ಹೋರಾಡಿದ ಮೇಲೆ, 1890ರಲ್ಲಿ. ಹೊಲದ ಎತ್ತಿಗೆ ಕಾನೂನು ಯಾರು ಮಾಡಬೇಕಿತ್ತು? ‘ಇಂದು ಹೂಡಬೇಡ, ಪಾಪ ಬರುತ್ತದೆ’ ಎಂದರೆ ಸಾಹುಕಾರನೂ ಸುಮ್ಮನಾಗುತ್ತಿದ್ದ. ನಮ್ಮ ಕ್ಷೌರದಂಗಡಿಗಳ ಮಂಗಳವಾರದ ರಜೆಯೂ ಅಷ್ಟೇ. ಮಂಗಳವಾರ ತಲೆಗೆ ಕತ್ತರಿ ತಾಗಿಸಬಾರದೆಂಬ ಗಿರಾಕಿಯ ಹೆದರಿಕೆ, ಆರು ದಿನ ನಿಂತೇ ದುಡಿಯುವವರ ಕಾಲಿಗೆ ಒಂದು ದಿನದ ವಿಶ್ರಾಂತಿಯಾಯಿತು. ಇಂಥ ‘ಕೆಟ್ಟ ದಿನ’ಗಳ ಮೇಲೆ ನನಗೆ ಸಿಟ್ಟಿಲ್ಲ. ಟ್ರ್ಯಾಕ್ಟರ್‌ಗೂ ಸೋಮವಾರ ರಜೆ ಕೊಡುವವರಿದ್ದರೆ ಮಾತ್ರ ಅದು ಬೇರೆ ಕತೆ.

ಈಗ ಇಸ್ರೋಗೆ ಬರೋಣ. ನಮ್ಮ ಮಂಗಳಯಾನ ಶ್ರೀಹರಿಕೋಟಾದಿಂದ ಹಾರಿದ್ದು 2013ರ ನವೆಂಬರ್ 5ರ ಮಧ್ಯಾಹ್ನ. ಅಂದು ಮಂಗಳವಾರ, ಕ್ಷೌರಕ್ಕೂ ಆಗದ ವಾರ. ಅದು ಮಂಗಳನ ಕಕ್ಷೆ ಸೇರಿದ್ದು 2014ರ ಸೆಪ್ಟೆಂಬರ್ 24ರ ಬೆಳಿಗ್ಗೆ. ಪಂಚಾಂಗ ತೆಗೆದು ನೋಡಿ: ಆ ಹೊತ್ತಿಗೆ ಅಮಾವಾಸ್ಯೆ ತಿಥಿ ಇನ್ನೂ ಕಳೆದಿರಲಿಲ್ಲ. ಅದೂ ಪಿತೃಪಕ್ಷದ ಅಮಾವಾಸ್ಯೆ, ಮರುದಿನದಿಂದ ನವರಾತ್ರಿ. ಸ್ಕೂಟರ್ ಕೊಳ್ಳುವವರೂ ಒಂದು ದಿನ ತಡೆಯುತ್ತಿದ್ದರು. ಆದರೆ ನೌಕೆಯ ವೇಗ, ದೂರ, ಗುರುತ್ವದ ಲೆಕ್ಕ ಆ ಗಳಿಗೆಯನ್ನೇ ಕೇಳಿತ್ತು. ಪೀಣ್ಯದ ಕೇಂದ್ರದಲ್ಲಿ ಸಂಕೇತ ಸಿಕ್ಕಿದಾಗ ಭಾರತ ಮೊದಲ ಪ್ರಯತ್ನದಲ್ಲೇ ಮಂಗಳನನ್ನು ಮುಟ್ಟಿದ ದೇಶವಾಗಿತ್ತು. ಚಂದ್ರಯಾನ-3 ಹೊರಟ 2023ರ ಜುಲೈ 14 ಕೂಡ ಆಷಾಢದ ಕೃಷ್ಣಪಕ್ಷದಲ್ಲಿತ್ತು.

ಹಾಗೆಂದು ವಿಜ್ಞಾನಿಗಳೆಲ್ಲ ಇದನ್ನು ಮೀರಿದವರು ಎಂದು ಬೀಗಬೇಕಾಗಿಲ್ಲ. ಪಿಎಸ್‌ಎಲ್‌ವಿ ರಾಕೆಟ್‌ಗಳ ಪಟ್ಟಿಯಲ್ಲಿ ಸಿ-12 ಇದೆ, ಸಿ-14 ಇದೆ. ಸಿ-13 ಎಂಬ ಹೆಸರಿನ ರಾಕೆಟ್ ಹಾರಲೇ ಇಲ್ಲ. ಕಾರಣವನ್ನು ನೀವೇ ಊಹಿಸಿಕೊಳ್ಳಿ. ಹದಿಮೂರರ ಭಯ ನಮ್ಮದೂ ಅಲ್ಲ, ಪಶ್ಚಿಮದಿಂದ ಬಂದದ್ದು.

ಸಂಖ್ಯೆಗಳ ವಿಷಯದಲ್ಲಿ ನಮ್ಮದೇ ಆದ ಹಳೆಯ ರೂಢಿಗಳು ಎಷ್ಟು ಸೊಗಸಾಗಿದ್ದವು! ಕಣದಲ್ಲಿ ರಾಶಿ ಅಳೆಯುವಾಗ ಮೊದಲ ಕೊಳಗಕ್ಕೆ ‘ಒಂದು’ ಎನ್ನುವುದಿಲ್ಲ, ‘ಲಾಭ’ ಎನ್ನುತ್ತಾರೆ. ಮುಯ್ಯಿಗೆ ನೂರರ ಮೇಲೊಂದು ರೂಪಾಯಿ ಇಡುತ್ತಾರೆ. ಇವು ಯಾರಿಗೂ ಕೇಡು ಮಾಡುವುದಿಲ್ಲ. ಈಗ ನಡೆದಿರುವುದು ಬೇರೆ. ಎಂಟು ಶನಿಯ ಸಂಖ್ಯೆ, ಮನೆ ನಂಬರ್ ಕೂಡಿದರೆ ಎಂಟು ಬರಬಾರದು, ಫೋನ್ ನಂಬರ್‌ನಲ್ಲಿ ಬೇಡ, ವಾಹನಕ್ಕಂತೂ ಬೇಡವೇ ಬೇಡ. ನಮ್ಮ ಪರಂಪರೆಯಲ್ಲಿ ಎಂಟಕ್ಕೆ ಏನು ಕೊರತೆಯಿತ್ತು? ಅಷ್ಟಲಕ್ಷ್ಮಿಯರು, ಅಷ್ಟದಿಕ್ಪಾಲಕರು, ಅಷ್ಟೈಶ್ವರ್ಯ. ಕೃಷ್ಣ ಹುಟ್ಟಿದ್ದು ಅಷ್ಟಮಿಯಂದು, ದೇವಕಿಯ ಎಂಟನೆಯ ಮಗುವಾಗಿ.

ಇಂದಿನ ‘ಸಂಖ್ಯಾಶಾಸ್ತ್ರ’ದ ಬಹುಪಾಲು ‘ಕೀರೋ’ ಎಂಬ ಹೆಸರಿನಲ್ಲಿ ಬರೆದ, ಐರ್ಲೆಂಡಿನಲ್ಲಿ ಹುಟ್ಟಿದ ವಿಲಿಯಂ ಜಾನ್ ವಾರ್ನರ್ ಅವರ ಪುಸ್ತಕಗಳಿಂದ ಹರಡಿದ್ದು. ಸಂಖ್ಯೆಗಳ ಕುರಿತ ಅವರ ಪುಸ್ತಕ 1926ರದು. ತಾನು ವಿದ್ಯೆ ಕಲಿತದ್ದು ಭಾರತದಲ್ಲಿ ಎಂದು ಅವರು ಹೇಳಿಕೊಂಡಿದ್ದರು. ಆದರೆ ಅವರ ಲೆಕ್ಕ ನಡೆಯುವುದು ಇಂಗ್ಲಿಷ್ ಅಕ್ಷರಗಳ ಮೇಲೆ. ‘ಎ’ಗೆ ಒಂದು, ‘ಬಿ’ಗೆ ಎರಡು. ಹಾಗಾಗಿ ಕನ್ನಡದಲ್ಲಿ ಸರಿಯಾಗಿಯೇ ಇರುವ ಹೆಸರಿಗೆ ಇಂಗ್ಲಿಷಿನಲ್ಲಿ ಒಂದು ‘ಎ’ ಹೆಚ್ಚಿಗೆ ಸೇರಿಸಿದರೆ ಅದೃಷ್ಟ ಒಂದು ಮೆಟ್ಟಿಲು ಏರುತ್ತದೆ! ಸಿನಿಮಾ ಪೋಸ್ಟರುಗಳಲ್ಲಿ, ಅಂಗಡಿಯ ಬೋರ್ಡುಗಳಲ್ಲಿ ಕಾಣುವ ವಿಚಿತ್ರ ಕಾಗುಣಿತಗಳ ಮೂಲ ಇದು. ಅದೇ ಎಂಟು ಚೀನೀಯರಿಗೆ ಪರಮ ಮಂಗಳಕರ. ಬೀಜಿಂಗ್ ಒಲಿಂಪಿಕ್ಸ್ ಉದ್ಘಾಟನೆಯನ್ನು ಅವರು 2008ರ ಎಂಟನೆಯ ತಿಂಗಳ ಎಂಟನೆಯ ತಾರೀಖು ರಾತ್ರಿ 8 ಗಂಟೆಗೆ ಇಟ್ಟುಕೊಂಡರು.

ವಾಹನ ಸಂಖ್ಯೆಯ ವಿಷಯದಲ್ಲಿ ಒಂದು ಸರಳ ಗಣಿತ. 1ರಿಂದ 9999ರವರೆಗಿನ ಸಂಖ್ಯೆಗಳಲ್ಲಿ ಅಂಕಿಗಳನ್ನು ಕೂಡುತ್ತಾ ಹೋದರೆ ಕೊನೆಗೆ ಎಂಟು ಬರುವವು ಸರಿಯಾಗಿ 1,111. ಒಂಬತ್ತು ಬರುವವೂ 1,111, ಬೇರೆ ಪ್ರತಿ ಅಂಕಿಗೂ ಅಷ್ಟೇ. ಬೇಕಾದ ಸಂಖ್ಯೆಗೆ ಸಾರಿಗೆ ಇಲಾಖೆಗೆ ಹೆಚ್ಚಿನ ಹಣ ಕಟ್ಟುವವರು ಎಂಟನ್ನು ಬಿಟ್ಟರೆ ಅದು ಮಾಯವಾಗುವುದಿಲ್ಲ. ಕೇಳುವ ಶಕ್ತಿಯಿಲ್ಲದ ಯಾರದೋ ಆಟೊಗೆ, ಯಾರದೋ ಟೆಂಪೊಗೆ ಅಂಟಿಕೊಳ್ಳುತ್ತದೆ. ವಿಮಾ ಕಂಪನಿಯವರನ್ನು ನೋಡಿ. ಅಪಘಾತವಾದರೆ ತಮ್ಮ ಕಿಸೆಯಿಂದ ಹಣ ಕೊಡಬೇಕಾದವರು ಅವರು. ಕಂತು ಗೊತ್ತುಮಾಡುವಾಗ ವಾಹನದ ಬೆಲೆ, ಎಂಜಿನ್, ವಯಸ್ಸು ನೋಡುತ್ತಾರೆ. ನಂಬರ್ ಕೂಡಿದರೆ ಎಷ್ಟು ಬರುತ್ತದೆಂದು ಕೇಳುವುದಿಲ್ಲ. ಎಂಟರಲ್ಲಿ ಒಂದಿಷ್ಟಾದರೂ ಅಪಾಯವಿದ್ದಿದ್ದರೆ ಅದರಿಂದ ಲಾಭ ಮಾಡಿಕೊಳ್ಳುವುದನ್ನು ಅವರು ಬಿಡುತ್ತಿದ್ದರೆಂದು ನನಗನಿಸುವುದಿಲ್ಲ.

ವರದಿಗಾರನಾಗಿ ನಾನು ಕಂಡ ಅತಿ ದೊಡ್ಡ ಮುಹೂರ್ತದ ನೂಕುನುಗ್ಗಲು ಚುನಾವಣೆಯ ನಾಮಪತ್ರದ್ದು. ನಾಮಪತ್ರ ಕೊಡಲು ಕಾನೂನು ಇಟ್ಟಿರುವ ಸಮಯ ಬೆಳಿಗ್ಗೆ 11ರಿಂದ 3. ಬುಧವಾರ, ಗುರುವಾರ, ಶುಕ್ರವಾರ ಅದರೊಳಗೆ ರಾಹು ಪಾಲು ಕೇಳುತ್ತಾನೆ. ಹಾಗಾಗಿ ಎಲ್ಲ ಪಕ್ಷದವರ ಜೋಯಿಸರೂ ಹೆಚ್ಚುಕಡಿಮೆ ಒಂದೇ ಗಳಿಗೆಯನ್ನು ಬರೆದುಕೊಡುತ್ತಾರೆ, ಒಂದೇ ಬಾಗಿಲಲ್ಲಿ ಎಲ್ಲರೂ ಸೇರುತ್ತಾರೆ. 2023ರ ವಿಧಾನಸಭಾ ಚುನಾವಣೆಯಲ್ಲಿ 224 ಸ್ಥಾನಗಳಿಗೆ ಎರಡೂವರೆ ಸಾವಿರಕ್ಕೂ ಹೆಚ್ಚು ಮಂದಿ ಕಣದಲ್ಲಿದ್ದರು. ಒಳ್ಳೆಯ ಗಳಿಗೆಗೆ ಕಾದವರಲ್ಲಿ ಬಹುಪಾಲು ಜನ ಸೋಲಲೇಬೇಕು. ಕುರ್ಚಿ ಇರುವುದು ಕ್ಷೇತ್ರಕ್ಕೊಂದೇ. ಗೆದ್ದವರು ಮುಹೂರ್ತವನ್ನು ಹೊಗಳುತ್ತಾರೆ. ಸೋತವರು ಹಣವನ್ನೋ ಜಾತಿಯನ್ನೋ ಬೈಯುತ್ತಾರೆ, ಮುಹೂರ್ತವನ್ನು ಬೈಯುವುದಿಲ್ಲ. ಆ ಬಾರಿ ನಾಮಪತ್ರಕ್ಕೆ ಕೊನೆಯ ದಿನವಾದ ಏಪ್ರಿಲ್ 20, ಸೂರ್ಯೋದಯಕ್ಕೆ ಅಮಾವಾಸ್ಯೆಯಿದ್ದ ದಿನ. ಜೊತೆಗೆ ನಮ್ಮಲ್ಲಿ ಕಾಣದ ಒಂದು ಸೂರ್ಯಗ್ರಹಣ. ಅಂದೂ ನಾಮಪತ್ರಗಳು ಬಂದವು. ಬಿಟ್ಟರೆ ಟಿಕೆಟ್ಟೇ ಹೋಗುತ್ತದಲ್ಲ.

ಇಷ್ಟು ಹೊತ್ತು ನಗುತ್ತಾ ಕೇಳಿದಿರಿ. ಒಂದು ಅಂಶ ಗಮನಿಸಿರಬಹುದು. ಬಟ್ಟೆ ಅಂಗಡಿಯವರು, ರಾಕೆಟ್ ಹಾರಿಸುವವರು, ರಾಜಕಾರಣಿಗಳು: ಬೇಕಾದಾಗ ಕೆಟ್ಟ ದಿನ ಇವರೆಲ್ಲರ ಮುಂದೆ ಬಾಗುತ್ತದೆ. ಬಾಗದೇ ಇರುವುದು ಯಾರ ಮುಂದೆ?

ಮೂಲಾ ನಕ್ಷತ್ರದಲ್ಲಿ ಹುಟ್ಟಿದ ಹುಡುಗಿ ಮಾವನಿಗೆ ಆಗುವುದಿಲ್ಲ, ಆಶ್ಲೇಷಾ ಅತ್ತೆಗೆ ಆಗುವುದಿಲ್ಲ, ಜ್ಯೇಷ್ಠಾ ಭಾವನಿಗೆ, ವಿಶಾಖಾ ಮೈದುನನಿಗೆ. ಈ ಮಾತು ಇಲ್ಲಿರುವ ಪ್ರತಿಯೊಬ್ಬ ತಾಯಿಗೂ ಗೊತ್ತು. ಚಂದ್ರ 27 ನಕ್ಷತ್ರಗಳನ್ನು ಸುಮಾರು 27 ದಿನಗಳಲ್ಲಿ ಸುತ್ತಿ ಬರುತ್ತಾನೆ. ಅದರಲ್ಲಿ ನಾಲ್ಕು ಕೆಟ್ಟವು ಎಂದರೆ ಹೆಚ್ಚುಕಡಿಮೆ ಏಳು ಹೆಣ್ಣುಮಕ್ಕಳಲ್ಲಿ ಒಬ್ಬಳಿಗೆ ಹುಟ್ಟಿದ ದಿನವೇ ದೋಷ. ಎಲ್ಲ ಪಾದಗಳಿಗೂ ಇದು ಅನ್ವಯಿಸದೆಂದು ಶಾಸ್ತ್ರ ಓದಿದವರು ಹೇಳುತ್ತಾರೆ. ಗಂಡಿನ ಕಡೆಯವರು ಪಾದದವರೆಗೆ ಹೋಗುವುದಿಲ್ಲ. ನಕ್ಷತ್ರದ ಹೆಸರು ಕೇಳಿಯೇ ಜಾತಕವನ್ನು ಹಿಂದಕ್ಕೆ ಕಳಿಸುತ್ತಾರೆ. ಇದೇ ನಕ್ಷತ್ರದ ಗಂಡು ಬಂದರೆ ಅವನಿಂದ ಹೆಣ್ಣಿನ ತಂದೆಗೆ ಗಂಡಾಂತರ ಎಂದು ಯಾರೂ ಸಂಬಂಧ ಬಿಡುವುದಿಲ್ಲ. ಕುಜದೋಷದ ಲೆಕ್ಕ ಇನ್ನೂ ಧಾರಾಳ. ಹನ್ನೆರಡು ಮನೆಗಳಲ್ಲಿ ಐದರಲ್ಲಿ ಕುಜನಿದ್ದರೆ ದೋಷ ಎನ್ನುತ್ತಾರೆ, ಅಂದರೆ ನೂರಕ್ಕೆ ಸುಮಾರು 42 ಜನ. ಅಷ್ಟು ಮಂದಿಯ ಬಾಳಸಂಗಾತಿಗಳು ಅಲ್ಪಾಯುಷಿಗಳಾಗಿದ್ದರೆ ಜನಗಣತಿಯವರಿಗೆ ಗೊತ್ತಾಗುತ್ತಿರಲಿಲ್ಲವೇ?

ಈ ಹೆದರಿಕೆ ಈಗ ಹೆರಿಗೆ ಕೋಣೆಯನ್ನೂ ಹೊಕ್ಕಿದೆ. ಒಳ್ಳೆಯ ನಕ್ಷತ್ರ ಕಳೆಯುವುದರೊಳಗೆ ಮಗುವನ್ನು ತೆಗೆದುಬಿಡಿ ಎಂದು ಮುಹೂರ್ತದ ಚೀಟಿ ಹಿಡಿದು ಬರುವ ಮನೆಯವರಿದ್ದಾರೆ. ಹೊಟ್ಟೆ ಕೊಯ್ಯಿಸಿಕೊಳ್ಳುವವಳು ಮಾತ್ರ ಹೆಣ್ಣು.

ಪತ್ರಿಕೆಗಳ ವಧು-ವರ ಅಂಕಣ ಓದುವ ಅಭ್ಯಾಸ ನನಗಿದೆ. ಸಮಾಜ ಅಲ್ಲಿ ಮುಸುಕಿಲ್ಲದೆ ಮಾತಾಡುತ್ತದೆ. ಅಲ್ಲಿ ಪದಕ್ಕಿಷ್ಟು, ಸಾಲಿಗಿಷ್ಟು ಎಂದು ಹಣ. ಹಾಗಿದ್ದೂ ಒಬ್ಬ ತಂದೆ ಮಗಳ ಓದು, ಕೆಲಸ, ಸಂಬಳ ಎಲ್ಲವನ್ನೂ ಬರೆಸಿ ಕೊನೆಗೆ ‘ಮಾವ ಇಲ್ಲದ ಮನೆಯಾದರೂ ಆದೀತು’ ಎಂದು ಸೇರಿಸಿದ್ದರು. ನಕ್ಷತ್ರದ ಹೆಸರು ಬರೆದಿರಲಿಲ್ಲ. ಬರೆಯಬೇಕಾಗಿಯೂ ಇರಲಿಲ್ಲ. ನವರಾತ್ರಿಯಲ್ಲಿ ಮನೆಯ ಪುಸ್ತಕಗಳನ್ನೆಲ್ಲ ಜೋಡಿಸಿಟ್ಟು ನಾವು ಸರಸ್ವತಿಯನ್ನು ಆವಾಹನೆ ಮಾಡುವುದು ಯಾವ ನಕ್ಷತ್ರದಂದು ಎಂಬುದನ್ನು ಆ ತಂದೆಗೆ ಯಾರಾದರೂ ನೆನಪಿಸಬೇಕಿತ್ತು. ಅದು ಮೂಲಾ ನಕ್ಷತ್ರ.

ಪ್ರಶ್ನೆಗಳಿಗೆ ಇನ್ನೂ ಅರ್ಧ ಗಂಟೆ ಇದೆ. ಕೇಳುವುದಕ್ಕೆ ಮುಂಚೆ, ಮೂಲಾ ನಕ್ಷತ್ರದ ಸೊಸೆಯನ್ನು ತಂದುಕೊಂಡ ಮನೆಯವರು ಈ ಸಭೆಯಲ್ಲಿ ಯಾರಾದರೂ ಇದ್ದರೆ ಎದ್ದು ನಿಂತು, ಮಾವನವರು ಹೇಗಿದ್ದಾರೆ ಎಂದು ಸ್ವಲ್ಪ ಹೇಳಿ.